ಹಳೇ ಸ್ಟೇಷನ್ ವ್ಯಾಗನ್ ತಗೋಬೇಕಾ, ಬೇಡವಾ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹತ್ತಿರ 2006ರ ಟಾಟಾ ಇಂಡಿಗೊ ಮರೀನಾ ಸ್ಟೇಷನ್ ವ್ಯಾಗನ್ ಇದೆ. ಡೀಸೆಲ್ ಗಾಡಿ. 2018ರಲ್ಲಿ ದಾವಣಗೆರೆಯಲ್ಲಿ ಎರಡನೇ ಓನರ್ ಕೈಯಿಂದ ತಂದದ್ದು. ಅದನ್ನು ಎಲ್ಲೇ ನಿಲ್ಲಿಸಿದರೂ ಯಾರಾದರೊಬ್ಬರು ಬಂದು ಹಿಂದಿನ ಗಾಜಿನೊಳಗೆ ಇಣುಕಿ ನೋಡುತ್ತಾರೆ. ಬಂಕಿನಲ್ಲಿ ಡೀಸೆಲ್ ಹಾಕುವ ಹುಡುಗ, ಮದುವೆ ಮನೆಯಲ್ಲಿ ಸಿಕ್ಕ ಭಾವ, ಫೋನ್ ನಂಬರ್ ಹುಡುಕಿ ಕರೆ ಮಾಡಿದ ಗುರುತಿಲ್ಲದವರು, ಎಲ್ಲರದ್ದೂ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಅವರು ಕೇಳಿದ ಹಾಗೆಯೇ ಇಲ್ಲಿ ಬರೆದಿದ್ದೇನೆ.

## ಮೊದಮೊದಲ ಪ್ರಶ್ನೆಗಳು

ಸ್ಟೇಷನ್ ವ್ಯಾಗನ್ ಅಂದ್ರೆ ಏನು? ವ್ಯಾಗನ್ ಆರ್ ಅದೇ ಅಲ್ವಾ?

ಅಲ್ಲ. ಮಾರುತಿ ವ್ಯಾಗನ್ ಆರ್ ಎತ್ತರದ ಸಣ್ಣ ಕಾರು, ಹೆಸರಲ್ಲಿ ಮಾತ್ರ ವ್ಯಾಗನ್ ಇದೆ. ಸ್ಟೇಷನ್ ವ್ಯಾಗನ್ ಅಂದರೆ ಸೆಡಾನ್ (ಹಿಂದೆ ಡಿಕ್ಕಿ ಬೇರೆ ಚಾಚಿಕೊಂಡಿರುವ) ಕಾರಿನ ಚಾವಣಿಯನ್ನು ಹಿಂದಿನ ಬಂಪರ್ ತನಕ ಎಳೆದ ಹಾಗೆ. ಡಿಕ್ಕಿ ಬೇರೆ ಪೆಟ್ಟಿಗೆಯಾಗಿ ಇರುವುದಿಲ್ಲ. ಹಿಂದಿನ ಬಾಗಿಲು ಗಾಜಿನ ಸಮೇತ ಮೇಲಕ್ಕೆ ಎದ್ದುಕೊಳ್ಳುತ್ತದೆ, ಹಿಂದಿನ ಸೀಟು ಮಡಚಿದರೆ ಉದ್ದಕ್ಕೆ ಜಾಗ. ನೆಲ ಮಾತ್ರ ಕಾರಿನಷ್ಟೇ ತಗ್ಗು. ಹಾಗಾಗಿ ಅಕ್ಕಿ ಮೂಟೆಯನ್ನು ಸೊಂಟದ ಎತ್ತರಕ್ಕೆ ಎತ್ತಿ ಜಾರಿಸಿದರೆ ಸಾಕು. ಮಂಡಿ ನೋವಿನ ಅಮ್ಮನೂ ಹತ್ತಬೇಕಾಗಿಲ್ಲ, ಸುಮ್ನೆ ಕೂತರಾಯಿತು.

ನಮ್ಮ ಕಡೆ ಯಾವ್ಯಾವ ವ್ಯಾಗನ್ ಸಿಗುತ್ತೆ?

ಬೆರಳಲ್ಲಿ ಎಣಿಸಬಹುದು. 1992ರಲ್ಲಿ ಬಂದ ಟಾಟಾ ಎಸ್ಟೇಟ್ ಈಗ ಸಂಗ್ರಹ ಮಾಡುವವರ ಗಾಡಿ, ದಿನದ ಓಡಾಟಕ್ಕೆ ಬೇಡ. ಮಾರುತಿ ಬಲೆನೊ ಆಲ್ಟುರಾ 1.6 ಲೀಟರ್ ಪೆಟ್ರೋಲ್. ಓಡಿಸಲು ಬಲು ಖುಷಿ, ಹುಡುಕಲು ಅಷ್ಟೇ ಕಷ್ಟ. ಓಪೆಲ್ ಕೋರ್ಸಾ ಸ್ವಿಂಗ್ ಇತ್ತು, ಓಪೆಲ್ ಹೆಸರೇ 2006ರಲ್ಲಿ ದೇಶ ಬಿಟ್ಟಿತು. ಫಿಯೆಟ್ ಸಿಯೆನಾ ವೀಕೆಂಡ್ ಕೂಡ ಅಪರೂಪ. ಸ್ಕೋಡಾ ಆಕ್ಟೇವಿಯಾ ಕಾಂಬಿ 1.9 ಡೀಸೆಲ್ ಇವುಗಳಲ್ಲೆಲ್ಲ ಗಟ್ಟಿ ಗಾಡಿ, ಖರ್ಚೂ ಅಷ್ಟೇ ಗಟ್ಟಿ. ಇನ್ನು 2004ರಲ್ಲಿ ಬಂದ ಇಂಡಿಗೊ ಮರೀನಾ. ಹಳ್ಳಿ ಪೇಟೆಯಲ್ಲಿ ಇದ್ದುಕೊಂಡು ಒಂದು ವ್ಯಾಗನ್ ಇಟ್ಟುಕೊಳ್ಳಬೇಕು ಅನ್ನುವವರಿಗೆ ನನ್ನ ಮಟ್ಟಿಗೆ ಇದೊಂದೇ ದಾರಿ. ಯಾಕೆ ಅಂತ ಸ್ಪೇರ್ ಪಾರ್ಟ್ಸ್ ಪ್ರಶ್ನೆಯಲ್ಲಿ ಹೇಳುತ್ತೇನೆ.

ವೋಲ್ವೊ ವಿ90 ಕ್ರಾಸ್ ಕಂಟ್ರಿ, ಬೆಂಜ್ ಇ-ಕ್ಲಾಸ್ ಆಲ್-ಟೆರೇನ್ ಅಂತ ಈಚೆಗೆ ಬಂದವು. ಅವು ಈ ಪುಟದ ಜೇಬಿಗೆ ಸೇರಿದವಲ್ಲ.

ಇಷ್ಟು ಅನುಕೂಲ ಇದ್ರೆ ಜನ ಯಾಕೆ ತಗೊಳ್ಳಲಿಲ್ಲ?

ಡಿಕ್ಕಿ ಬೇರೆ ಇದ್ದರೇನೇ ದೊಡ್ಡ ಕಾರು ಅಂತ ನಮ್ಮ ಜನರ ಲೆಕ್ಕ. ನನ್ನ ಮಾವ ಗಾಡಿ ನೋಡಿದ ಮೊದಲ ದಿನ ಕೇಳಿದ್ದು ಒಂದೇ ಮಾತು: "ಆಂಬ್ಯುಲೆನ್ಸ್ ಯಾಕೆ ತಂದ್ರಿ?" ಅದರ ಜೊತೆ ಸರ್ಕಾರದ ತೆರಿಗೆಯೂ ಸೇರಿತು. 2006ರ ಬಜೆಟ್‌ನಲ್ಲಿ 4 ಮೀಟರಿಗಿಂತ ಗಿಡ್ಡ ಇರುವ, ಸಣ್ಣ ಎಂಜಿನ್ ಕಾರುಗಳಿಗೆ ಅಬಕಾರಿ ಸುಂಕ ಇಳಿಯಿತು. ಆಮೇಲೆ ಎಲ್ಲರೂ ಗಾಡಿಯ ಬಾಲ ಕತ್ತರಿಸುವುದಕ್ಕೆ ಹೊರಟರು. ಟಾಟಾದವರೇ ಇಂಡಿಗೊವನ್ನು ಮೊಟಕು ಮಾಡಿ 2008ರಲ್ಲಿ ಇಂಡಿಗೊ ಸಿಎಸ್ ತಂದರು. ಉದ್ದದ ವ್ಯಾಗನ್‌ಗೆ ಅಲ್ಲಿ ಜಾಗ ಎಲ್ಲಿಂದ ಬರಬೇಕು?

ಅದೇ ದುಡ್ಡಿಗೆ ಸ್ವಲ್ಪ ಸೇರಿಸಿದ್ರೆ ಹಳೇ ಎರ್ಟಿಗಾ ಬರುತ್ತಲ್ಲ?

ಸ್ವಲ್ಪ ಅಲ್ಲ, ಜಾಸ್ತಿಯೇ ಸೇರಿಸಬೇಕು. ಆದರೂ ಬರುತ್ತದೆ. ಕೇಳುವ ಹತ್ತು ಜನರಲ್ಲಿ ಎಂಟು ಜನಕ್ಕೆ ನಾನು ಅದನ್ನೇ ತಗೊಳ್ಳಿ ಅನ್ನುತ್ತೇನೆ. ಏಳು ಜನ ಕೂರಬೇಕು, ಯಾವ ಊರಲ್ಲಿ ಕೆಟ್ಟರೂ ಅಲ್ಲೇ ರಿಪೇರಿ ಆಗಬೇಕು, ನಾಳೆ ಮಾರಿದರೆ ದುಡ್ಡು ಬರಬೇಕು ಅಂದರೆ ವ್ಯಾಗನ್ ಬೇಡವೇ ಬೇಡ.

ವ್ಯಾಗನ್ ಯಾರಿಗೆ? ಒಬ್ಬರೋ ಇಬ್ಬರೋ ಓಡಾಡುತ್ತೀರಿ, ಆದರೆ ಸಾಮಾನು ಜಾಸ್ತಿ. ಘಾಟಿ ರಸ್ತೆಯಲ್ಲಿ ತಿರುವು ತಗೊಳ್ಳುವಾಗ ಗಾಡಿ ಕಾರಿನ ಹಾಗೆ ನೆಲ ಹಿಡಿದು ಹೋಗಬೇಕು. ಇನ್ನೊಂದು ಕಾರೋ ಬೈಕೋ ಮನೆಯಲ್ಲಿ ಇದೆ, ಇದು ವಾರಗಟ್ಟಲೆ ಮೆಕ್ಯಾನಿಕ್ ಹತ್ತಿರ ನಿಂತರೂ ಕೆಲಸ ನಿಲ್ಲುವುದಿಲ್ಲ. ಈ ಕೊನೆಯದು ಇಲ್ಲದಿದ್ದರೆ ಉಳಿದವನ್ನು ಯೋಚಿಸುವುದೇ ಬೇಡ.

ನನಗೆ ಗಾಡಿ ಬಗ್ಗೆ ಏನೂ ಗೊತ್ತಿಲ್ಲ. ಆದ್ರೂ ತಗೋಬಹುದಾ?

ತಗೋಬಹುದು, ಆದರೆ ಗಾಡಿಗಿಂತ ಮೊದಲು ಮೆಕ್ಯಾನಿಕ್‌ನನ್ನು ಹುಡುಕಿ. ನಾನು ಇದನ್ನು ಉಲ್ಟಾ ಮಾಡಿ ಪೆಟ್ಟು ತಿಂದೆ. ಗಾಡಿ ತಂದ ಮೇಲೆ ನಾಲ್ಕು ಗ್ಯಾರೇಜ್ ಸುತ್ತಿದೆ. ಮೂವರು "ಈ ಗಾಡಿ ನಾವು ಮುಟ್ಟಲ್ಲ ಸಾರ್" ಅಂದರು. ನಾಲ್ಕನೆಯವರು ಹಿಂದೆ ಟ್ಯಾಕ್ಸಿ ಇಂಡಿಕಾಗಳನ್ನು ನೂರಾರು ಬಿಚ್ಚಿ ಕಟ್ಟಿದವರು. ಬಾನೆಟ್ ಎತ್ತಿ, ಹಳೇ ಗೆಳೆಯ ಸಿಕ್ಕಿದ ಹಾಗೆ ನಕ್ಕರು. ಅವರು ಸಿಗದೇ ಹೋಗಿದ್ದರೆ ಗಾಡಿ ಅದೇ ವರ್ಷ ಗುಜರಿಗೆ ಹೋಗುತ್ತಿತ್ತು. ನೀವು ಒಪ್ಪಿದ ಮೆಕ್ಯಾನಿಕ್‌ಗೆ ಒಂದು ದಿನದ ಕೂಲಿ ಕೊಟ್ಟು ಗಾಡಿ ನೋಡಲು ಕರೆದುಕೊಂಡು ಹೋಗಿ. ಅದು ದಂಡದ ಖರ್ಚಲ್ಲ.

## ಗಾಡಿ ನೋಡಲು ಹೋದಾಗ

ನೋಡೋಕೆ ಹೋದಾಗ ಮೊದಲು ಎಲ್ಲಿ ನೋಡ್ಬೇಕು?

ಎಲ್ಲರೂ ಮುಂದೆ ಹೋಗಿ ಬಾನೆಟ್ ಎತ್ತಿಸುತ್ತಾರೆ. ನೀವು ಹಿಂದೆ ಹೋಗಿ. ವ್ಯಾಗನ್‌ನ ಮುಂದಿನ ಅರ್ಧ ಬೇರೆ ಕಾರಿನದ್ದು, ಸಾಮಾನು ಸಿಗುತ್ತದೆ. ಹಿಂದಿನ ಅರ್ಧ ಮಾತ್ರ ಅದರ ಸ್ವಂತದ್ದು, ಹೋದರೆ ಹೋಯಿತು.

ಹಿಂದಿನ ಬಾಗಿಲು ಎತ್ತಿ ಕೈ ಬಿಡಿ. ತಾನಾಗಿ ನಿಲ್ಲಬೇಕು. ತಲೆಯ ಮೇಲೆ ಇಳಿದು ಬಂದರೆ ಗ್ಯಾಸ್ ಶಾಕ್ ಹೋಗಿದೆ ಅಂತ ಅರ್ಥ. ಅದು ಸಣ್ಣ ರಿಪೇರಿ, ಚೌಕಾಸಿಗೆ ಒಂದು ಅಸ್ತ್ರ ಅಷ್ಟೇ. ಬಾಗಿಲಿನ ಸುತ್ತ ಇರುವ ರಬ್ಬರ್ ಬೀಡಿಂಗ್ ಮೇಲೆ ಬೆರಳು ಆಡಿಸಿ. ಒಣಗಿ ಬಿರಿದಿದ್ದರೆ ಎರಡು ತೊಂದರೆ. ಮಳೆ ನೀರು ಒಳಗೆ ಇಳಿಯುತ್ತದೆ. ಎರಡನೆಯದು ಜನರಿಗೆ ಗೊತ್ತಿರುವುದಿಲ್ಲ: ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿ ಸುಳಿ ತಿರುಗುತ್ತದೆ, ಸೈಲೆನ್ಸರ್ ಹೊಗೆ ಆ ಸಂದಿಯಲ್ಲಿ ಒಳಗೆ ಬರುತ್ತದೆ. ಉದ್ದದ ಸಾಮಾನು ಹಾಕಿ ಹಿಂದಿನ ಬಾಗಿಲು ಅರೆ ತೆರೆದು ಓಡಿಸಬೇಡಿ ಅನ್ನುವುದೂ ಇದಕ್ಕೇ.

ಆಮೇಲೆ ಕಾರ್ಪೆಟ್ ಎತ್ತಿ, ಸ್ಟೆಪ್ನಿ ಒಳಗಿದ್ದರೆ ಹೊರಗೆ ತೆಗೆಸಿ, ಆ ಗುಂಡಿಗೆ ಟಾರ್ಚ್ ಬಿಡಿ. ವ್ಯಾಗನ್‌ನ ಜಾತಕ ಇರುವುದು ಅಲ್ಲೇ. ನೀರು ನಿಂತ ಗೆರೆ, ತುಕ್ಕು, ಹೊಸದಾಗಿ ಬಳಿದ ಕಪ್ಪು ಬಣ್ಣ, ಸುಕ್ಕುಗಟ್ಟಿದ ತಗಡು, ಏನೇ ಕಂಡರೂ ಕೇಳಿ. ಹಿಂದಿನಿಂದ ಗುದ್ದಿಸಿಕೊಂಡ ಗಾಡಿಯ ತಗಡನ್ನು ಹೊರಗೆ ನೀಟಾಗಿ ಮಾಡಿರುತ್ತಾರೆ, ಒಳಗೆ ಬಿಟ್ಟಿರುತ್ತಾರೆ.

ಹಿಂದಿನ ವೈಪರ್, ಗಾಜಿನ ಹೀಟರ್ ಗೆರೆಗಳು, ನಂಬರ್ ಪ್ಲೇಟ್ ಲೈಟು, ಎಲ್ಲ ಹಾಕಿ ನೋಡಿ. ಬಾಗಿಲು ಸಾವಿರಾರು ಸಲ ಎತ್ತಿ ಇಳಿಸಿದ್ದರಿಂದ ಹಿಂಜ್ ಹತ್ತಿರ ವೈರ್‌ಗಳು ಒಳಗೇ ತುಂಡಾಗುತ್ತವೆ. ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ, ಗಾಬರಿ ಬೇಡ. ಹಿಂದಿನ ಲೈಟಿನ ಗಾಜು ಒಡೆದಿದ್ದರೆ ಮಾತ್ರ ಗಾಬರಿಯಾಗಿ.

ಸ್ವಲ್ಪ ತುಕ್ಕು ಇದ್ರೆ ಟಿಂಕರಿಂಗ್ ಮಾಡಿಸಿದ್ರೆ ಆಯ್ತಲ್ಲ?

ಯಾವ ತುಕ್ಕು ಅನ್ನುವುದರ ಮೇಲೆ ಹೋಗುತ್ತದೆ. ಬಾಗಿಲ ಕೆಳಗೋ, ಚಕ್ರದ ಮೇಲಿನ ಕಮಾನಿನಲ್ಲೋ ಗುಳ್ಳೆ ಎದ್ದಿದ್ದರೆ ಕತ್ತರಿಸಿ ತಗಡು ಹಾಕಬಹುದು. ಆದರೆ ಕೆಳಗಿನ ಉದ್ದ ಪಟ್ಟಿ, ಸಸ್ಪೆನ್ಷನ್ ಕೂರುವ ಜಾಗ, ಜಾಕ್ ಕೊಡುವ ಜಾಗ ಇವೆಲ್ಲ ಸ್ಕ್ರೂಡ್ರೈವರ್ ಹಿಡಿಯಲ್ಲಿ ತಟ್ಟಿದರೆ ಟಣ್ ಅನ್ನಬೇಕು. ದಪ್ ಅಂದರೆ ಕೈ ಮುಗಿದು ಬನ್ನಿ. ಒಳಗೆ ಪುಟ್ಟಿ ತುಂಬಿಸಿ ಅಂಡರ್‌ಕೋಟ್ ಹೊಡೆದಿರುತ್ತಾರೆ. ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಜೇಬಲ್ಲಿಟ್ಟುಕೊಂಡು ಹೋಗಿ. ಪುಟ್ಟಿ ಇರುವ ಕಡೆ ಅದು ಹಿಡಿಯುವುದಿಲ್ಲ.

ಗಾಡಿ ಬೆಳೆದ ಊರು ಕೇಳಿ. ಮಂಗಳೂರು, ಉಡುಪಿ, ಕಾರವಾರದ ಗಾಡಿ ಮೇಲೆ ಹೊಳೆಯುತ್ತಿದ್ದರೂ ಅಡಿಯಲ್ಲಿ ಉಪ್ಪುಗಾಳಿ ತಿಂದಿರುತ್ತದೆ. ಬಳ್ಳಾರಿ, ಕಲಬುರಗಿ ಕಡೆಯದ್ದರ ತಗಡು ಗಟ್ಟಿ, ಆದರೆ ಬಿಸಿಲಿಗೆ ಡ್ಯಾಶ್‌ಬೋರ್ಡ್, ರಬ್ಬರ್, ಬಣ್ಣ ಸುಟ್ಟಿರುತ್ತವೆ. ಬೆಂಗಳೂರಿನದ್ದು ಟ್ರಾಫಿಕ್‌ನಲ್ಲಿ ಕ್ಲಚ್ ಸವೆಸಿಕೊಂಡಿರುತ್ತದೆ. ನನ್ನನ್ನು ಕೇಳಿದರೆ ಕಲಬುರಗಿ ಗಾಡಿಯೇ ಸರಿ. ಸುಟ್ಟ ಬಣ್ಣ ಮತ್ತೆ ಹೊಡೆಸಬಹುದು. ಎಂಜಿನ್ ಕಟ್ಟುವ ಮೇಸ್ತ್ರಿಗಳು ಊರಿಗೆ ಇಬ್ಬರಿದ್ದಾರೆ. ತುಕ್ಕು ತಿಂದ ಬಾಡಿಗೆ ಜೀವ ಕೊಡುವವರು ನನಗಂತೂ ಸಿಕ್ಕಿಲ್ಲ.

ಎಂಜಿನ್ ಚೆನ್ನಾಗಿದೆಯಾ ಅಂತ ನಮ್ಮಂಥವರಿಗೆ ಹೇಗೆ ಗೊತ್ತಾಗುತ್ತೆ?

ಬೆಳಿಗ್ಗೆ ಹೋಗಿ, "ಸ್ಟಾರ್ಟ್ ಮಾಡಬೇಡಿ, ನಾನು ಬರ್ತೀನಿ" ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ. ತಣ್ಣಗಿದ್ದಾಗ ಹಳೆ ಡೀಸೆಲ್ ಮೊದಲ ನಿಮಿಷ ಒಂಚೂರು ಹೊಗೆ ಬಿಟ್ಟರೆ ಪರವಾಗಿಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದು ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲಿನ ಭಾಗಕ್ಕೂ ಕೆಳಗಿನ ಬ್ಲಾಕಿಗೂ ಮಧ್ಯದ ಸೀಲು) ಮೇಲೆ ಅನುಮಾನ. ಕಪ್ಪು ಹೊಗೆ ಇದ್ದರೆ ಪಂಪು, ಇಂಜೆಕ್ಟರ್, ಏರ್ ಫಿಲ್ಟರ್ ನೋಡಿಸಬೇಕು.

ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಸಿ. ಹೊಗೆ ಬುಸುಬುಸು ಎದ್ದರೆ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಅನ್ನುತ್ತಾರೆ, ರಿಂಗ್ ಪಿಸ್ಟನ್ ಸವೆದಿದೆ ಅಂತ. ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಅಂಟಿದ್ದರೆ ಆಯಿಲ್‌ಗೆ ನೀರು ಸೇರುತ್ತಿರಬಹುದು. ಇಷ್ಟು ನೋಡಲು ಎಂಜಿನಿಯರಿಂಗ್ ಓದಬೇಕಿಲ್ಲ.

ಮೀಟರ್ 68 ಸಾವಿರ ತೋರಿಸ್ತಿದೆ. ನಂಬಬಹುದಾ?

ಹದಿನೈದು ವರ್ಷದ ಡೀಸೆಲ್ ಗಾಡಿ 68 ಸಾವಿರ ಓಡಿದೆ ಅಂದರೆ ನಾನು ನಂಬುವುದಿಲ್ಲ. ನಿಜವೇ ಆಗಿದ್ದರೂ ಅದು ನಿಂತೇ ಇದ್ದ ಗಾಡಿ, ನಿಂತ ಗಾಡಿಗೆ ಬೇರೆ ಕಾಯಿಲೆ. ಬ್ರೇಕ್ ಸಿಲಿಂಡರ್ ಹಿಡಿದುಕೊಳ್ಳುತ್ತದೆ, ಟ್ಯಾಂಕ್‌ನಲ್ಲಿ ಕಸ ಕೂರುತ್ತದೆ, ಇಲಿ ವೈರ್ ಕಡಿಯುತ್ತದೆ. ಮೀಟರ್ ಬಿಟ್ಟು ಪೆಡಲ್‌ನ ರಬ್ಬರ್, ಸ್ಟೀರಿಂಗ್ ನುಣುಪು, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ನೋಡಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2316 ಅಂದರೆ 2016ರ 23ನೇ ವಾರ. ಅಷ್ಟು ಹಳೇ ಟೈರ್‌ನಲ್ಲಿ ಗುಂಡಿ ಆಳ ಇದ್ದರೂ ಬದಲಾಯಿಸಲೇಬೇಕು, ಆ ಖರ್ಚನ್ನು ರೇಟಿನಲ್ಲಿ ಕಳೆಯಿರಿ.

ಟೆಸ್ಟ್ ಡ್ರೈವ್ ಎಷ್ಟು ದೂರ ಮಾಡ್ಬೇಕು?

ಅರ್ಧ ಗಂಟೆಯಾದರೂ. ಸಾಧ್ಯವಾದರೆ ಹಿಂದೆ ಇಬ್ಬರನ್ನು ಕೂರಿಸಿಕೊಂಡು, ಡಿಕ್ಕಿಯಲ್ಲಿ ಒಂದಷ್ಟು ಭಾರ ಹಾಕಿ. ಖಾಲಿ ಗಾಡಿ ಸುಳ್ಳು ಹೇಳುತ್ತದೆ. ಭಾರ ಹೊತ್ತೇ ಬದುಕಿದ ವ್ಯಾಗನ್‌ನ ಹಿಂದಿನ ಸ್ಪ್ರಿಂಗ್ ಕೂತಿರುತ್ತದೆ, ಹಂಪ್ ದಾಟುವಾಗ ಸೈಲೆನ್ಸರ್ ಉಜ್ಜುತ್ತದೆ. ಮರೀನಾದಲ್ಲಿ ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್, ಅದರ ಕೀಲುಗಳ ರಬ್ಬರ್ ಬುಷ್‌ಗಳು ಸವೆದರೆ ಬಾಲ ಅಲ್ಲಾಡಿದ ಹಾಗೆ ಅನಿಸುತ್ತದೆ, ಟೈರ್ ಒಳಗಡೆ ಮಾತ್ರ ಸವೆಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಎಸಿಯನ್ನೂ ಹಾಕಿ ನೋಡಿ. ಸುತ್ತ ಗಾಜು, ಒಳಗೆ ಜಾಗ ಜಾಸ್ತಿ, ಎಸಿ ಸೋತಿದ್ದರೆ ತಕ್ಷಣ ಗೊತ್ತಾಗುತ್ತದೆ.

## ಕಾಗದ ಮತ್ತು ದುಡ್ಡು

15 ವರ್ಷ ಆದ್ರೆ ಗಾಡಿ ಗುಜರಿಗೇ ಅಂತಾರಲ್ಲ?

ಕರ್ನಾಟಕದಲ್ಲಿ ಸ್ವಂತ ಬಳಕೆಯ ಕಾರಿಗೆ ಹಾಗಿಲ್ಲ. ಹೊಸ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರಂ 25 ಕೊಟ್ಟು, ಗಾಡಿಯನ್ನು ಇನ್‌ಸ್ಪೆಕ್ಷನ್‌ಗೆ ಒಯ್ದು ತೋರಿಸಿ ಐದೈದು ವರ್ಷಕ್ಕೆ ಮುಂದುವರಿಸಬಹುದು. ಖರ್ಚು ಮಾತ್ರ ಏರಿದೆ. ಕಾರಿನ ನವೀಕರಣದ ಫೀ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಬೇರೆ. ನಾನು 2021ರ ಡಿಸೆಂಬರ್‌ನಲ್ಲೇ ಮಾಡಿಸಿ 600ಕ್ಕೆ ಬಚಾವಾದೆ, ಮುಂದಿನ ಸಲ ಆ ಅದೃಷ್ಟ ಇಲ್ಲ.

ಆರ್‌ಸಿ ಮುಗಿದು ಎರಡು ವರ್ಷವಾದ ಗಾಡಿ ಸಸ್ತಾ ಸಿಕ್ಕಿತು ಅಂತ ಹಾರಬೇಡಿ. ತಡವಾದ ಪ್ರತಿ ತಿಂಗಳಿಗೂ ಕಾರಿಗೆ 500 ರೂಪಾಯಿ ದಂಡ ಇದೆ. ನವೀಕರಣ ಮಾಡಿಸಿಯೇ ಕೊಡಿ, ಬೇಕಾದರೆ ಹತ್ತು ಸಾವಿರ ಜಾಸ್ತಿ ಕೊಡ್ತೀನಿ ಅನ್ನಿ. ಒಪ್ಪದಿದ್ದರೆ, ಇನ್‌ಸ್ಪೆಕ್ಷನ್‌ನಲ್ಲಿ ಪಾಸಾಗಲ್ಲ ಅಂತ ಅವರಿಗೇ ಗೊತ್ತಿದೆ ಅಂತ ನಾನು ತಿಳಿದುಕೊಳ್ಳುತ್ತೇನೆ.

ಡೆಲ್ಲಿ ಗಾಡಿ ಅರ್ಧ ರೇಟಿಗೆ ಸಿಗ್ತಿದೆಯಂತೆ, ತರಿಸಲಾ?

ಡೆಲ್ಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸಬಾರದು ಅಂತ 2014-15ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಅಲ್ಲಿನ ಗಾಡಿಗಳು ಹೊರ ರಾಜ್ಯಕ್ಕೆ ಸಸ್ತಾದಲ್ಲಿ ಹರಿದು ಬಂದದ್ದು ಆ ಕಾರಣಕ್ಕೆ. 2025ರ ಆಗಸ್ಟ್‌ನಲ್ಲಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಅಂತ ಅದೇ ಕೋರ್ಟ್ ಹೇಳಿತು, ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್ 4 (ಹೊಗೆ ಮಿತಿಯ ಸರ್ಕಾರಿ ಮಾನದಂಡ) ಮತ್ತು ಅದಕ್ಕಿಂತ ಹೊಸ ಗಾಡಿಗಳಿಗೆ ಮಾತ್ರ ಅಂತ ಬಿಗಿ ಮಾಡಿತು.

ರೇಟು ನೋಡಿ ಮರುಳಾಗುವ ಮೊದಲು ಲೆಕ್ಕ ಹಾಕಿ. ಫಾರಂ 28ರ ಎನ್‌ಒಸಿ (ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ), ಲಾರಿ ಬಾಡಿಗೆ, ಇಲ್ಲಿನ ಲೈಫ್ ಟ್ಯಾಕ್ಸ್, ಹೊಸ ನಂಬರ್. ಅಲ್ಲಿ ಕಟ್ಟಿದ ತೆರಿಗೆ ವಾಪಸ್ ಪಡೆಯಲು ಅಲ್ಲಿಗೇ ಅಲೆಯಬೇಕು. ಆಕ್ಟೇವಿಯಾ ಕಾಂಬಿಯಂಥ ಅಪರೂಪದ್ದು ತುಕ್ಕಿಲ್ಲದೆ ಸಿಕ್ಕಿದರೆ ಯೋಚಿಸಬಹುದು. ಮರೀನಾಗೆ ಈ ಪಾಡು ಬೇಡ.

ಹೆಸರು ಬದಲಾವಣೆ ನಿಧಾನಕ್ಕೆ ಮಾಡಿಸಿದ್ರೆ ಆಗಲ್ವಾ?

ಆಗಲ್ಲ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಫಾರಂ 29, 30 ಎರಡಕ್ಕೂ ಸಹಿ ಆಗದೆ ಪೂರ್ತಿ ದುಡ್ಡು ಕೊಡಬೇಡಿ. ಹಳೇ ಸಾಲ ಇದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ. ಸಾಲ ತೀರಿ ಹತ್ತು ವರ್ಷವಾಗಿರುತ್ತದೆ, ಆರ್‌ಸಿಯಲ್ಲಿ ಹೈಪೋಥಿಕೇಷನ್ (ಗಾಡಿ ಸಾಲಕ್ಕೆ ಒತ್ತೆ ಇದೆ ಅನ್ನುವ ನಮೂದು) ಹಾಗೇ ಕೂತಿರುತ್ತದೆ. ಸಾಲ ಕೊಟ್ಟ ಫೈನಾನ್ಸ್ ಕಂಪನಿ ಮುಚ್ಚಿಹೋಗಿದ್ದರಂತೂ ಅಲೆದಾಟವೋ ಅಲೆದಾಟ.

ಮಾರುವವರಿಗೂ ಒಂದು ಮಾತು. ಹೆಸರು ಬದಲಾಗುವ ತನಕ ಅಪಘಾತದ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದೇ. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಆದ್ದರಿಂದ ಬ್ರೋಕರ್ ಕೈಗೆ ಖಾಲಿ ಫಾರಂಗೆ ಸಹಿ ಹಾಕಿ ಕೊಟ್ಟು ಮರೆಯಬೇಡಿ.

ಟೋಕನ್ ಕೊಡುವ ಮೊದಲು ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಿ: ಎಷ್ಟನೇ ಓನರ್, ಆರ್‌ಸಿ ಯಾವಾಗ ಮುಗಿಯುತ್ತದೆ, ಬ್ಲ್ಯಾಕ್‌ಲಿಸ್ಟ್ ಆಗಿದೆಯಾ, ಟ್ರಾಫಿಕ್ ದಂಡ ಎಷ್ಟಿದೆ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬಂದ ಗಾಡಿಯಾ ಅಂತಲೂ ಕೇಳಿ. ಚಾಸಿಸ್ ನಂಬರನ್ನು ಗಾಡಿಯ ಮೇಲೆಯೇ ಓದಿ ಆರ್‌ಸಿ ಜೊತೆ ತಾಳೆ ಮಾಡಿ. ಅತಿ ಸುರಕ್ಷಿತ ನಂಬರ್ ಪ್ಲೇಟ್ ಹಾಕಿಲ್ಲದಿದ್ದರೆ ಅದನ್ನೂ ಅವರ ಖರ್ಚಿನಲ್ಲೇ ಹಾಕಿಸಿ.

ಇಷ್ಟು ಹಳೇ ಗಾಡಿಗೆ ಫುಲ್ ಇನ್ಶೂರೆನ್ಸ್ ಬೇಕಾ?

ಥರ್ಡ್ ಪಾರ್ಟಿ ಕಡ್ಡಾಯ. ಅದರ ದರ ಗಾಡಿಯ ವಯಸ್ಸಿನ ಮೇಲಲ್ಲ, ಎಂಜಿನ್ ಮೇಲೆ. 2022ರಲ್ಲಿ ನಿಗದಿಯಾದ ಪ್ರಕಾರ 1000ದಿಂದ 1500 ಸಿಸಿಗೆ 3,416 ರೂಪಾಯಿ, 1500 ದಾಟಿದರೆ 7,897, ಮೇಲೆ ಜಿಎಸ್‌ಟಿ. ಮರೀನಾ ಡೀಸೆಲ್ 1.4 ಲೀಟರ್, ಮೊದಲ ಸಾಲಿಗೆ ಬರುತ್ತದೆ. ಆಲ್ಟುರಾ, ಕಾಂಬಿ ಎರಡೂ ಎರಡನೆಯ ಸಾಲಿಗೆ. ವರ್ಷಾವರ್ಷ ಈ ವ್ಯತ್ಯಾಸ ಕೈ ಕಚ್ಚುತ್ತದೆ.

ಸ್ವಂತ ಡ್ಯಾಮೇಜ್ ಕವರ್ ನಾನು ಮಾಡಿಸುತ್ತಿಲ್ಲ. ಐದು ವರ್ಷ ದಾಟಿದ ಗಾಡಿಗೆ ಬೆಲೆ ಮಾತಿನಲ್ಲಿ ನಿಗದಿಯಾಗುವಂಥದ್ದು, ಗುದ್ದಿದಾಗ ಸವಕಳಿ ಕಳೆದು ಕೈಗೆ ಬರುವುದು ಚಿಲ್ಲರೆ. ಆ ದುಡ್ಡನ್ನು ಒಂದು ಡಬ್ಬಿಯಲ್ಲಿ ಹಾಕಿಡುತ್ತೇನೆ. ಮಾರುವವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಅದು ಆಳಿನದ್ದು, ಗಾಡಿಯದ್ದಲ್ಲ. ಎಮಿಷನ್ ಟೆಸ್ಟ್ ಬಿಎಸ್ 4ಕ್ಕಿಂತ ಹಳೆಯ ಗಾಡಿಗೆ ಆರು ತಿಂಗಳಿಗೊಮ್ಮೆ.

ಒಟ್ಟು ಎಷ್ಟು ದುಡ್ಡು ಇಟ್ಕೊಂಡಿರಬೇಕು?

ನನ್ನ ಲೆಕ್ಕ ಹೇಳುತ್ತೇನೆ. ಗಾಡಿಗೆ 95 ಸಾವಿರ ಕೊಟ್ಟೆ. ಮೊದಲ ವರ್ಷ ಅದರ ಮೇಲೆ ಸುಮಾರು 70 ಸಾವಿರ ಸುರಿದೆ: ನಾಲ್ಕು ಟೈರು, ಬ್ಯಾಟರಿ, ಟೈಮಿಂಗ್ ಬೆಲ್ಟ್, ಕ್ಲಚ್, ಎಲ್ಲ ಬುಷ್‌ಗಳು, ರೇಡಿಯೇಟರ್, ಎಸಿ ಗ್ಯಾಸ್. ಎರಡನೇ ವರ್ಷದಿಂದ ಖರ್ಚು ಇಳಿಯಿತು. ಗಾಡಿಯ ಬೆಲೆಯ ಮುಕ್ಕಾಲು ಭಾಗ ಬೇರೆ ಎತ್ತಿಟ್ಟುಕೊಳ್ಳದೆ ಹೋಗಬೇಡಿ. ಇಷ್ಟು ಹಳೇ ಗಾಡಿಗೆ ಬ್ಯಾಂಕಿನವರು ಕಾರ್ ಲೋನ್ ಕೊಡುವುದು ಕಷ್ಟ. ಕೈಸಾಲ ಮಾಡಿ ತರುವಂಥ ವಸ್ತುವೂ ಇದಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

ಸ್ಪೇರ್ ಪಾರ್ಟ್ಸ್ ನಿಜವಾಗ್ಲೂ ಸಿಗುತ್ತಾ?

ಮರೀನಾದ ಎಂಜಿನ್, ಗೇರ್ ಬಾಕ್ಸ್, ಬ್ರೇಕ್, ಮುಂದಿನ ಸಸ್ಪೆನ್ಷನ್ ಬಹುಪಾಲು ಇಂಡಿಕಾ, ಇಂಡಿಗೊದ್ದೇ. ಅವು 2018ರ ತನಕ ತಯಾರಾದವು, ಟ್ಯಾಕ್ಸಿಯಾಗಿ ದೇಶವೆಲ್ಲ ಓಡಿದವು. ಹಾಗಾಗಿ ತಾಲ್ಲೂಕು ಪೇಟೆಯಲ್ಲೂ ಸಾಮಾನು ಸಿಗುತ್ತದೆ. ಅಂಗಡಿಯಲ್ಲಿ ಮರೀನಾ ಅಂತ ಕೇಳಬೇಡಿ, "ಇಲ್ಲ" ಅಂತಾರೆ. "ಇಂಡಿಕಾ ಡೀಸೆಲ್" ಅಂತ ಕೇಳಿ, ಹಳೇ ಪಾರ್ಟ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಡೈಕೋರ್ ಅನ್ನುವ ಟಾಟಾದ ಆಮೇಲಿನ ಡೀಸೆಲ್ ಎಂಜಿನ್ ಇದ್ದರೆ ಅದನ್ನೂ ಹೇಳಬೇಕು, ಅದರ ಡೀಸೆಲ್ ಪಂಪು ಇಂಜೆಕ್ಟರ್ ಬೇರೆ.

ಆಲ್ಟುರಾದವರ ಪಾಡು ಇನ್ನೊಂದು ಬಗೆ. 2015ರಲ್ಲಿ ಅದೇ ಬಲೆನೊ ಹೆಸರಲ್ಲಿ ಬೇರೆ ಕಾರು ಬಂತು. ಅಂಗಡಿಯವರು ಆ ಹೊಸದರ ಸಾಮಾನು ಎತ್ತಿ ಕೊಡುತ್ತಾರೆ. "ಹಳೇ ಬಲೆನೊ, 1.6" ಅಂತ ಮೂರು ಸಲ ಹೇಳಬೇಕು.

ಹಿಂದಿನ ಲೈಟು, ಹಿಂದಿನ ಗಾಜು, ಹಿಂದಿನ ಬಾಗಿಲು, ಡಿಕ್ಕಿ ಮುಚ್ಚುವ ಪರದೆ ಇವು ಹೊಸತು ಸಿಗುವುದು ಮರೆತುಬಿಡಿ. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸಾಲು ಸುತ್ತಬೇಕು. ನಾನು ಬೇಕಾಗುವ ಮೊದಲೇ ಎರಡೂ ಕಡೆಯ ಲೈಟು ತಂದು ಹಳೇ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೆ. ಮನೆಯವರಿಗೆ ಇದು ಹುಚ್ಚು ಅನಿಸಿತ್ತು. ಆಮೇಲೆ ಒಂದು ದಿನ ಹಾಲಿನ ಗಾಡಿ ರಿವರ್ಸ್ ಬಂದು ಗುದ್ದಿತು. ಈಗ ಯಾರೂ ಮಾತಾಡುವುದಿಲ್ಲ.

ಟೈಮಿಂಗ್ ಬೆಲ್ಟ್ ಯಾವಾಗ ಹಾಕ್ಸಿದ್ದು ಅಂತ ಓನರ್‌ಗೆ ಗೊತ್ತಿಲ್ವಂತೆ. ಏನ್ಮಾಡೋದು?

ಹಾಕಿಸಿಯೇ ಇಲ್ಲ ಅಂತ ತಿಳಿದುಕೊಳ್ಳಿ. ಟಾಟಾದ ಆ 1.4 ಡೀಸೆಲ್, ಸ್ಕೋಡಾದ 1.9, ಆಲ್ಟುರಾದ 1.6, ಮೂರೂ ಬೆಲ್ಟ್ ಎಂಜಿನ್‌ಗಳು, ಪಿಸ್ಟನ್ ಮತ್ತು ವಾಲ್ವ್ ತಾಳ ತಪ್ಪದ ಹಾಗೆ ನೋಡಿಕೊಳ್ಳುವುದು ಈ ರಬ್ಬರ್ ಬೆಲ್ಟೇ. ಡೀಸೆಲ್‌ನಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಮೇಲೆ ಬಂದು ವಾಲ್ವ್‌ಗೆ ಗುದ್ದುತ್ತದೆ. ಆಗ ಬರೀ ಬೆಲ್ಟ್ ಅಲ್ಲ, ಹೆಡ್ ಕೆಲಸವೇ ಬರುತ್ತದೆ. ಗಾಡಿ ಮನೆಗೆ ಬಂದ ಮೊದಲ ವಾರದಲ್ಲೇ ಬೆಲ್ಟ್ ಜೊತೆ ಟೆನ್ಷನರ್, ಐಡ್ಲರ್ ಬೇರಿಂಗ್ ಸೇರಿಸಿ ಹಾಕಿಸಿ. ಸ್ಕೋಡಾದಲ್ಲಿ ವಾಟರ್ ಪಂಪ್ ಅದೇ ಬೆಲ್ಟಿನಿಂದ ತಿರುಗುತ್ತದೆ, ಅದನ್ನೂ ಒಟ್ಟಿಗೆ ಬದಲಾಯಿಸಿ. ಕಿ.ಮೀ. ಓಡದಿದ್ದರೂ ಬೆಲ್ಟ್‌ಗೆ ವಯಸ್ಸಾಗುತ್ತದೆ. ಹಾಕಿಸಿದ ತಾರೀಖು, ಮೀಟರ್ ಬರೆದ ಚೀಟಿಯನ್ನು ಬಾನೆಟ್ ಒಳಗೆ ಅಂಟಿಸಿ.

ಪೆಟ್ರೋಲ್ ವ್ಯಾಗನ್‌ಗೆ ಈಗಿನ ಎಥನಾಲ್ ಪೆಟ್ರೋಲ್ ಆಗುತ್ತಾ?

ಈಗ ಬಂಕಿನಲ್ಲಿ ಬರುವುದು ಹೆಚ್ಚಾಗಿ ಶೇ 20 ಎಥನಾಲ್ ಬೆರೆತ ಪೆಟ್ರೋಲ್. 2000ದ ಆಸುಪಾಸಿನ ಆಲ್ಟುರಾದಂಥ ಗಾಡಿಯ ರಬ್ಬರ್ ಪೈಪು, ಸೀಲು, ಪಂಪು ಇದಕ್ಕೆ ಅಂತ ಮಾಡಿದವಲ್ಲ. ಗಾಡಿ ಓಡುತ್ತದೆ, ಮೈಲೇಜ್ ಕೊಂಚ ಇಳಿಯುತ್ತದೆ. ನಿಲ್ಲಿಸಿ ಇಟ್ಟರೆ ತೊಂದರೆ ಜಾಸ್ತಿ. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಟ್ಯಾಂಕ್ ತಗಡಿನದ್ದಾದರೆ ಒಳಗೆ ತುಕ್ಕು. ಕೊಂಡ ತಕ್ಷಣ ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವ ಗುಣಮಟ್ಟದ್ದಕ್ಕೆ ಬದಲಾಯಿಸಿ, ಫಿಲ್ಟರ್ ಹೊಸತು ಹಾಕಿ. ಪೆಟ್ರೋಲ್ ವಾಸನೆ ಬಂದರೆ ಅವತ್ತೇ ಗ್ಯಾರೇಜ್‌ಗೆ ಒಯ್ಯಿರಿ.

ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಮಕ್ಕಳನ್ನ ಕೂರಿಸ್ಕೊಂಡು ಹೋಗಬಹುದಾ?

ಹೊಸ ಕಾರಿನಷ್ಟು ಭದ್ರ ಅಂತ ನಾನು ಹೇಳಲಾರೆ. ಎಬಿಎಸ್ (ಜೋರು ಬ್ರೇಕ್‌ಗೆ ಚಕ್ರ ಹಿಡಿದುಕೊಂಡು ಜಾರದ ಹಾಗೆ ತಡೆಯುವ ವ್ಯವಸ್ಥೆ), ಡ್ರೈವರ್ ಏರ್‌ಬ್ಯಾಗ್ ನಮ್ಮಲ್ಲಿ ಕಡ್ಡಾಯವಾಗಿದ್ದೇ 2019ರಲ್ಲಿ. ನನ್ನ ಗಾಡಿಯಲ್ಲಿ ಎರಡೂ ಇಲ್ಲ. ಹಾಗಾಗಿ ಹೆದ್ದಾರಿಯಲ್ಲಿ ನಾನು 80 ದಾಟುವುದಿಲ್ಲ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲೇಬೇಕು. ಮಕ್ಕಳನ್ನು ಕರೆದುಕೊಂಡು ದೂರದ ಊರಿಗೆ ಹೋಗುವುದಾದರೆ ತಮ್ಮನ ಹೊಸ ಕಾರು ತರುತ್ತೇನೆ.

ವ್ಯಾಗನ್‌ಗೇ ಇರುವ ಅಪಾಯ ಇನ್ನೊಂದು ಇದೆ. ಸೆಡಾನ್‌ನಲ್ಲಿ ಸಾಮಾನು ಡಿಕ್ಕಿಯೊಳಗೆ ಮುಚ್ಚಿರುತ್ತದೆ. ಇಲ್ಲಿ ಸೀಟಿನ ಎತ್ತರ ಮೀರಿ ಪೇರಿಸಿದ ಹಲಸಿನ ಹಣ್ಣು ಜೋರು ಬ್ರೇಕ್‌ಗೆ ನೇರ ತಲೆಗೆ ಬರುತ್ತದೆ. ಭಾರದ್ದು ಕೆಳಗೆ, ಸೀಟಿಗೆ ಒತ್ತಿಕೊಂಡು ಇರಲಿ. ಮೇಲೆ ಬಲೆಯೋ ಹಗ್ಗವೋ ಕಟ್ಟಿ. ಮಕ್ಕಳನ್ನು ಡಿಕ್ಕಿ ಜಾಗದಲ್ಲಿ ಕೂರಿಸುವುದಂತೂ ಬೇಡವೇ ಬೇಡ, ಎಷ್ಟೇ ಹಟ ಮಾಡಿದರೂ.

ಮಗ ಅಮೆರಿಕದಲ್ಲಿ ಹಳೇ ಸುಬಾರು ಔಟ್‌ಬ್ಯಾಕ್ ನೋಡಿದಾನೆ. ಅದಕ್ಕೂ ಇದೇ ಲೆಕ್ಕಾನಾ?

ಅದೂ ವ್ಯಾಗನ್ನೇ, ಅರ್ಧ ಇದೇ ಲೆಕ್ಕ. ಅಲ್ಲಿ ಕರಾವಳಿಯ ಬದಲು ಹಿಮದ ರಾಜ್ಯಗಳು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಮಿಷಿಗನ್, ನ್ಯೂಯಾರ್ಕ್ ಕಡೆಯ ಗಾಡಿ ಅಡಿಯಲ್ಲಿ ಕೊಳೆತಿರುತ್ತದೆ. 2000ದ ದಶಕದ 2.5 ಲೀಟರ್ ಎಂಜಿನ್‌ಗೆ ಹೆಡ್ ಗ್ಯಾಸ್ಕೆಟ್ ಸೋರುವ ಹೆಸರಿದೆ, ಬದಲಾಯಿಸಿದ ಬಿಲ್ ಇದ್ದರೆ ಅದೇ ದೊಡ್ಡ ಗುಣ. ಅದರದ್ದೂ ಬೆಲ್ಟ್ ಎಂಜಿನ್, 1,05,000 ಮೈಲಿಗೆ ಬದಲಾಯಿಸಬೇಕು. ನಾಲ್ಕೂ ಚಕ್ರಕ್ಕೆ ಎಳೆತ ಇರುವುದರಿಂದ ನಾಲ್ಕೂ ಟೈರ್ ಒಂದೇ ಬಗೆ, ಒಂದೇ ಸವೆತ ಇರಬೇಕು. ಕಾಗದದಲ್ಲಿ ಸಾಲ್ವೇಜ್ ಟೈಟಲ್ (ಇನ್ಶೂರೆನ್ಸ್‌ನವರು ಪೂರ್ತಿ ಹಾಳು ಅಂತ ಕೈಬಿಟ್ಟ ಗಾಡಿ) ಅಂತ ಇದ್ದರೆ ಬೇಡ ಅನ್ನಿ. ಅಲ್ಲಿ ಒಂದು ಸುಖ ಇದೆ, ಔಟ್‌ಬ್ಯಾಕ್ ಅಲ್ಲಿ ಅಪರೂಪದ ಗಾಡಿಯಲ್ಲ, ಸಾಮಾನು ಎಲ್ಲೆಲ್ಲೂ ಸಿಗುತ್ತದೆ.

ಕೊನೆಗೆ ಮಾರೋಕೆ ಹೋದ್ರೆ ಯಾರು ತಗೋತಾರೆ?

ಬ್ರೋಕರ್ ಹತ್ತಿರ ಹೋದರೆ ತೂಕದ ಲೆಕ್ಕ ಹೇಳುತ್ತಾರೆ. ಹುಡುಕಿಕೊಂಡು ಬರುವವರು ಬೇರೆ ಇದ್ದಾರೆ, ಅಪರೂಪಕ್ಕೆ. ಈ ವರ್ಷ ಇಬ್ಬರು ಬಂದಿದ್ದರು. ಒಬ್ಬರು ಎರಡು ನಾಯಿ ಸಾಕಿದವರು, ಇನ್ನೊಬ್ಬರು ತಬಲಾ, ಹಾರ್ಮೋನಿಯಂ ಹೊತ್ತು ಊರೂರು ತಿರುಗುವವರು. ಇಬ್ಬರೂ ಮೊದಲು ಹಿಂದಿನ ಬಾಗಿಲು ಎತ್ತಿಸಿ ನೋಡಿದರು. ನಾನು ಕೊಡಲಿಲ್ಲ. ಇನ್‌ಸ್ಪೆಕ್ಷನ್‌ನಲ್ಲಿ ಪಾಸಾಗದ ದಿನ ಬಂದರೆ ಸರ್ಕಾರದ ಮಾನ್ಯತೆ ಇರುವ ಗುಜರಿ ಕೇಂದ್ರಕ್ಕೇ ಕೊಡುತ್ತೇನೆ. ಅಲ್ಲಿ ಕೊಡುವ ಠೇವಣಿ ಪ್ರಮಾಣಪತ್ರ (ಗಾಡಿ ಒಪ್ಪಿಸಿದ್ದಕ್ಕೆ ದಾಖಲೆ) ತೋರಿಸಿದರೆ ಹೊಸ ಗಾಡಿಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ ವ್ಯವಸ್ಥೆ ಇದೆ. ಅಟ್ಟದ ಮೇಲಿನ ಒಂದು ಲೈಟು ಇನ್ನೂ ಬಾಕಿ ಇದೆ, ಬಲಗಡೆಯದ್ದು. ಬೇಕಾದವರು ಕೇಳಬಹುದು.